ಕೊವೆಂಟ್ರಿಯನ್ನು ಚರ್ಚಿಲ್ ಬೇಕಂತಲೇ ಸುಡಲು ಬಿಟ್ಟರೇ?

ಪ್ರಶ್ನೆ: ಜರ್ಮನರ ಎನಿಗ್ಮಾ ಸಂಕೇತವನ್ನು ಬ್ರಿಟಿಷರು ಒಡೆದಿದ್ದರು. ಕೊವೆಂಟ್ರಿ ಮೇಲೆ ಬಾಂಬ್ ಬೀಳುತ್ತದೆ ಅಂತ ಚರ್ಚಿಲ್‌ಗೆ ಮೊದಲೇ ಗೊತ್ತಿತ್ತು. ಜನರನ್ನು ಎಚ್ಚರಿಸಿದರೆ ಗುಟ್ಟು ರಟ್ಟಾಗುತ್ತದೆ ಅಂತ ಊರನ್ನೇ ಬಲಿ ಕೊಟ್ಟರು. ಇದು ನಿಜಾನಾ?

ನಿಜ ಅಲ್ಲ. ಬೇಹುಗಾರಿಕೆ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಇದರಷ್ಟು ಸಲ ಬಂದದ್ದು ಬೇರೆ ಯಾವುದೂ ಇಲ್ಲ. ಉತ್ತರ ಹೇಳಿ ಹೇಳಿ ಸಾಕಾಗಿದೆ. ನಾಯಕತ್ವದ ತರಬೇತಿಗಳಲ್ಲಿ ‘ಕಠಿಣ ನಿರ್ಧಾರ’ಕ್ಕೆ ಉದಾಹರಣೆ ಅಂತ ಇದನ್ನೇ ಹೇಳುತ್ತಾರೆ. ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಬರುತ್ತದೆ. ಅದಕ್ಕೇ ಈ ಸಲ ಎಳೆ ಎಳೆಯಾಗಿ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆತನಕ ಓದಿ.

ಎರಡನೇ ಮಹಾಯುದ್ಧದ ಕಾಲ. 1940ರ ನವೆಂಬರ್ 14, ಹುಣ್ಣಿಮೆಯ ಆಸುಪಾಸು. ಸುಮಾರು 500 ಜರ್ಮನ್ ಬಾಂಬರ್ ವಿಮಾನಗಳು ಇಂಗ್ಲೆಂಡಿನ ಕೈಗಾರಿಕಾ ಊರು ಕೊವೆಂಟ್ರಿಗೆ ನುಗ್ಗಿದವು. ಸಂಜೆ ಏಳು ಗಂಟೆ ದಾಟಿದ ಮೇಲೆ ಶುರುವಾದ ದಾಳಿ ಬೆಳಗಿನವರೆಗೂ ನಿಲ್ಲಲಿಲ್ಲ. 550ಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮನೆಗಳು ನೆಲಸಮವಾದವು. ನೂರಾರು ವರ್ಷ ಹಳೆಯ ಸೇಂಟ್ ಮೈಕಲ್ ಕೆಥೆಡ್ರಲ್ ಸುಟ್ಟು ಬರೀ ಗೋಡೆ ಉಳಿಯಿತು. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು ಅನ್ನುವುದರಲ್ಲಿ.

ಮೊದಲು ಎನಿಗ್ಮಾ. ಬ್ರಿಟಿಷರು ಸಂಕೇತ ಒಡೆಯುತ್ತಿದ್ದ ಗುಪ್ತ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ನವೆಂಬರ್ 11ರ ಹೊತ್ತಿಗೆ ಒಡೆದ ಸಂದೇಶದಿಂದ ಒಂದು ದೊಡ್ಡ ದಾಳಿಯ ತಯಾರಿ ನಡೆದಿರುವುದು ತಿಳಿಯಿತು. ಅದಕ್ಕೆ ಜರ್ಮನರು ಇಟ್ಟ ಹೆಸರು ‘ಮೂನ್‌ಲೈಟ್ ಸೊನಾಟಾ’. ಬೆಳದಿಂಗಳ ರಾತ್ರಿ ಅನ್ನುವುದನ್ನು ಊಹಿಸಬಹುದಿತ್ತು. ಆದರೆ ಯಾವ ಊರು ಅಂತ ಗೊತ್ತಾಗಲಿಲ್ಲ. ಜರ್ಮನರು ಕೊವೆಂಟ್ರಿಗೆ ‘ಕೋರ್ನ್’ ಎಂಬ ಗುಪ್ತನಾಮ ಇಟ್ಟಿದ್ದರು. ಆ ಹೆಸರು ಬ್ರಿಟಿಷರ ಕಣ್ಣಿಗೆ ಬಿದ್ದಿತ್ತು, ಆದರೆ ಕೋರ್ನ್ ಅಂದರೆ ಕೊವೆಂಟ್ರಿ ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ಇನ್ನೊಂದು ಸುಳಿವು ಸಿಕ್ಕಿದ್ದು ಒಬ್ಬ ಸೆರೆಯಾಳಿನಿಂದ. ಆ ಜರ್ಮನ್ ವೈಮಾನಿಕ ಕೋಣೆಯಲ್ಲಿ ಜೊತೆಗಿದ್ದವನ ಹತ್ತಿರ ಮಾತಾಡುತ್ತಾ ಕೊವೆಂಟ್ರಿ ಮತ್ತು ಬರ್ಮಿಂಗ್‌ಹ್ಯಾಂ ಹೆಸರು ಹೇಳಿದ್ದ. ಹಾಗಾದ್ರೆ ಹೆಸರು ಸಿಕ್ಕಿತ್ತಲ್ಲ ಅಂತೀರಾ? ಸಿಕ್ಕಿತ್ತು. ಆದರೆ ಕೈಗೆ ಸಿಕ್ಕಿದ್ದ ಒಂದು ಜರ್ಮನ್ ನಕ್ಷೆ ದಕ್ಷಿಣ ಇಂಗ್ಲೆಂಡಿನ ಕಡೆ ಬೆರಳು ತೋರಿಸುತ್ತಿತ್ತು. ವಾಯುಪಡೆಯ ಗುಪ್ತಚರರು ಎರಡನ್ನೂ ತೂಗಿ ನೋಡಿ ಲಂಡನ್ ಕಡೆಗೇ ವಾಲಿದರು. ಅವರ ಲೆಕ್ಕ ತಪ್ಪಿತು. ಲೆಕ್ಕ ತಪ್ಪುವುದು ಬೇರೆ, ಬಲಿ ಕೊಡುವುದು ಬೇರೆ ಅಲ್ವಾ? ಇನ್ನೂ ಒಂದು ಮಾತು. ಊರಿನ ಹೆಸರು ಹೇಳಿದ್ದು ಸೆರೆಯಾಳು, ಎನಿಗ್ಮಾ ಅಲ್ಲ. ಆ ಮಾತು ನಂಬಿ ಕೊವೆಂಟ್ರಿಯನ್ನು ಎಚ್ಚರಿಸಿದ್ದರೆ ಎನಿಗ್ಮಾ ಗುಟ್ಟಿಗೆ ಏನೂ ಆಗುತ್ತಿರಲಿಲ್ಲ.

ದಾಳಿಯ ದಿನ ಮಧ್ಯಾಹ್ನ ಸುಮಾರು ಮೂರು ಗಂಟೆಗೆ ನಿಜವಾದ ಸುಳಿವು ಸಿಕ್ಕಿತು. ಜರ್ಮನ್ ಬಾಂಬರ್‌ಗಳು ರೇಡಿಯೋ ಕಿರಣ ಹಿಡಿದು ದಾರಿ ಕಂಡುಕೊಳ್ಳುತ್ತಿದ್ದವು. ಎರಡು ಕಿರಣ ಎಲ್ಲಿ ಕೂಡುತ್ತವೋ ಅಲ್ಲಿ ಬಾಂಬ್. ಆ ಕಿರಣಗಳು ಕೊವೆಂಟ್ರಿ ಮೇಲೆ ಕೂಡುತ್ತಿರುವುದನ್ನು ಬ್ರಿಟಿಷ್ ರೇಡಿಯೋ ತಂಡ ಪತ್ತೆ ಹಚ್ಚಿತು. ಇದಕ್ಕೂ ಎನಿಗ್ಮಾಗೂ ಸಂಬಂಧವಿಲ್ಲ.

ಪತ್ತೆಯಾದ ಮೇಲೆ ಸುಮ್ನೆ ಕೂತರೇ? ಇಲ್ಲ. ಜರ್ಮನರ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಲು ಬ್ರಿಟಿಷ್ ವಿಮಾನಗಳು ಹೊರಟವು. ರಾತ್ರಿ ನೂರಕ್ಕೂ ಹೆಚ್ಚು ಸಲ ಫೈಟರ್ ವಿಮಾನಗಳು ಹಾರಿದವು. ಆದರೆ 1940ರಲ್ಲಿ ಕತ್ತಲಲ್ಲಿ ಶತ್ರು ವಿಮಾನ ಹುಡುಕುವ ರೇಡಾರ್ ಇನ್ನೂ ಅಂಬೆಗಾಲಿಡುತ್ತಿತ್ತು. ಆ ಫೈಟರ್‌ಗಳಿಗೆ ಒಂದೂ ಬಾಂಬರ್ ಸಿಗಲಿಲ್ಲ. ಕಿರಣಗಳನ್ನು ಕೆಡಿಸುವ ಯಂತ್ರಗಳೂ ಇದ್ದವು, ಆದರೆ ಅವುಗಳ ಧ್ವನಿಯ ಆವರ್ತನ ತಪ್ಪಾಗಿ ಹೊಂದಿಸಲ್ಪಟ್ಟಿತ್ತು. 2000 ಹರ್ಟ್ಸ್ ಇರಬೇಕಾದಲ್ಲಿ 1500 ಇತ್ತು. ಊರು ಸುಟ್ಟುಹೋದ ಹಿಂದೆ ಇಂಥ ಸಣ್ಣ ತಪ್ಪುಗಳೂ ಇದ್ದವು. ಪಿತೂರಿಯ ಕಥೆಯಲ್ಲಿ ಇವಕ್ಕೆ ಜಾಗವೇ ಇರುವುದಿಲ್ಲ.

ಚರ್ಚಿಲ್ ಆ ಮಧ್ಯಾಹ್ನ ಆಕ್ಸ್‌ಫರ್ಡ್‌ಶೈರ್‌ನ ಡಿಚ್ಲಿ ಪಾರ್ಕ್ ಎಂಬ ಬಂಗಲೆಗೆ ಹೊರಟಿದ್ದರು. ಕಾರಿನಲ್ಲಿ ಕಾಗದಪತ್ರ ಬಿಚ್ಚಿ ನೋಡಿದವರೇ ಗಾಡಿ ತಿರುಗಿಸಿ ಅಂದರು. ಜೊತೆಗಿದ್ದ ಕಾರ್ಯದರ್ಶಿ ಜಾನ್ ಮಾರ್ಟಿನ್ ಇದನ್ನು ಹೇಳಿದ್ದಾರೆ. ವಾಪಸ್ ಬಂದದ್ದು ಲಂಡನ್ನಿಗೆ, ಯಾಕೆಂದರೆ ಬಾಂಬ್ ಬೀಳುವುದು ಲಂಡನ್ ಮೇಲೆ ಅಂತಲೇ ಅವರು ನಂಬಿದ್ದರು. ಕೊವೆಂಟ್ರಿಯನ್ನು ಬಲಿ ಕೊಡಲು ತೀರ್ಮಾನಿಸಿದ ಮನುಷ್ಯ ಸುರಕ್ಷಿತ ಬಂಗಲೆ ಬಿಟ್ಟು ಲಂಡನ್ನಿಗೆ ಯಾಕೆ ವಾಪಸ್ ಬರುತ್ತಾನೆ?

ಊರು ಖಾಲಿ ಮಾಡಿಸುವ ಮಾತಿಗೂ ಬರುತ್ತೇನೆ. ಎರಡು ಲಕ್ಷಕ್ಕೂ ಹೆಚ್ಚು ಜನ, ಕೈಯಲ್ಲಿದ್ದದ್ದು ನಾಲ್ಕು ಗಂಟೆ, ನವೆಂಬರಿನ ಬೇಗ ಇಳಿಯುವ ಕತ್ತಲು, ದೀಪ ಹಚ್ಚುವ ಹಾಗಿಲ್ಲ. ದಸರಾ ಮೆರವಣಿಗೆ ಮುಗಿದ ಮೇಲೆ ಮೈಸೂರಿನಲ್ಲಿ ಜನ ಚದುರಲು ಎಷ್ಟು ಹೊತ್ತು ಬೇಕು ಅಂತ ನೋಡಿದವರು ನೀವೇ ಹೇಳಿ. ಬಯಲಿನಲ್ಲಿ, ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರ ಮೇಲೆ ಬಾಂಬ್ ಬಿದ್ದಿದ್ದರೆ ಸಾವು ಇನ್ನೂ ಜಾಸ್ತಿ ಆಗುತ್ತಿತ್ತು.

ಹಾಗಾದರೆ ಈ ಕಥೆ ಬಂದದ್ದೆಲ್ಲಿಂದ? ಒಂದು ಪುಸ್ತಕದಿಂದ. 1974ರಲ್ಲಿ ಎಫ್. ಡಬ್ಲ್ಯೂ. ವಿಂಟರ್‌ಬಾಥಮ್ ‘ದಿ ಅಲ್ಟ್ರಾ ಸೀಕ್ರೆಟ್’ ಬರೆದರು. ಎನಿಗ್ಮಾ ಒಡೆದ ಗುಟ್ಟನ್ನು ಇಂಗ್ಲಿಷ್ ಓದುಗರ ಮುಂದೆ ವಿವರವಾಗಿ ತೆರೆದಿಟ್ಟ ಪುಸ್ತಕ ಅದು. ಬರೆದವರು ಆ ಕೆಲಸದಲ್ಲೇ ಇದ್ದ ದೊಡ್ಡ ಅಧಿಕಾರಿ. ಹಾಗಾಗಿ ಜನ ನಂಬಿದರು, ನಂಬಿದ್ದು ಸಹಜ. ಆದರೆ ಬರೆಯುವಾಗ ಕಡತಗಳು ಅವರ ಮುಂದಿರಲಿಲ್ಲ. ಮೂವತ್ತು ವರ್ಷಕ್ಕೂ ಹಿಂದಿನ ಸಂಗತಿಗಳನ್ನು ನೆನಪಿನಿಂದಲೇ ಬರೆದರು. ಮುಂದಿನ ಎರಡು ವರ್ಷಗಳಲ್ಲಿ ಬಂದ ಇನ್ನೂ ಎರಡು ಜನಪ್ರಿಯ ಪುಸ್ತಕಗಳು ಕೊವೆಂಟ್ರಿ ಕಥೆಯನ್ನು ಮತ್ತೆ ಹೇಳಿದವು. ಕಡತಗಳು ಸಾರ್ವಜನಿಕರಿಗೆ ತೆರೆದುಕೊಳ್ಳಲು ಶುರುವಾದದ್ದು 1977ರಲ್ಲಿ. 1979ರಲ್ಲಿ ಹ್ಯಾರಿ ಹಿನ್ಸ್‌ಲಿ ಅವರ ನೇತೃತ್ವದಲ್ಲಿ ಬರೆದ ಬ್ರಿಟಿಷ್ ಗುಪ್ತಚರದ ಅಧಿಕೃತ ಇತಿಹಾಸದ ಮೊದಲ ಸಂಪುಟ ಬಂತು. ಹಿನ್ಸ್‌ಲಿ ಕೂಡ ಬ್ಲೆಚ್ಲಿಯಲ್ಲಿ ದುಡಿದವರೇ, ಆದರೆ ಕಾಗದಗಳನ್ನು ಮುಂದಿಟ್ಟುಕೊಂಡು ಬರೆದರು. ಅಷ್ಟರಲ್ಲಿ ಕಥೆ ಊರೂರು ಸುತ್ತಿ ಆಗಿತ್ತು.

ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ: ಬೇಹುಗಾರನ ಆತ್ಮಕಥೆ ಕೈಗೆತ್ತಿಕೊಂಡರೆ ಮೊದಲು ಅಚ್ಚಾದ ವರ್ಷ ನೋಡಿ, ಆಗ ಕಡತಗಳು ತೆರೆದಿದ್ದವಾ ಅಂತ ಕೇಳಿ. ಇದನ್ನು ಕಲಿತವರಲ್ಲಿ ಕೆಲವರು ಈಗ ನನ್ನನ್ನೇ ತಿದ್ದುತ್ತಾರೆ. ನನಗೆ ಅದರಷ್ಟು ಖುಷಿ ಬೇರೆ ಇಲ್ಲ. ನಮ್ಮದೇ ಉದಾಹರಣೆ ಬೇಕಿದ್ದರೆ 1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಕೊಟ್ಟ ವರದಿ ಓದಿ. ಮಾಹಿತಿಯ ಚೂರುಗಳು ಬೇರೆ ಬೇರೆ ಇಲಾಖೆಗಳಲ್ಲಿ ಇದ್ದೂ ಒಂದು ಚಿತ್ರವಾಗಿ ಕೂಡದೇ ಹೋಗುವುದು ಹೇಗೆ ಅನ್ನುವುದು ಅಲ್ಲಿ ಕಾಣುತ್ತದೆ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಊರು ಬಲಿ ಕೊಟ್ಟು ಗುಟ್ಟು ಕಾಪಾಡಲಿಲ್ಲ ಅಂದ ಮೇಲೆ ಹೇಗೆ ಕಾಪಾಡಿದರು? ಮೊದಮೊದಲು ‘ಬೋನಿಫೇಸ್’ ಎಂಬ ಇಲ್ಲದ ಗೂಢಚಾರನನ್ನು ಹುಟ್ಟುಹಾಕಿ, ಎನಿಗ್ಮಾ ಸುದ್ದಿಯನ್ನೆಲ್ಲ ಅವನೇ ಕಳಿಸಿದ್ದು ಅಂತ ತಮ್ಮ ಅಧಿಕಾರಿಗಳಿಗೇ ಹೇಳಿದರು. ಮೆಡಿಟರೇನಿಯನ್ ಸಮುದ್ರದಲ್ಲಿ ಶತ್ರು ಹಡಗುಗಳ ದಾರಿ ಎನಿಗ್ಮಾದಿಂದ ಗೊತ್ತಾದಾಗ, ದಾಳಿಗೆ ಮೊದಲು ಒಂದು ವಿಚಕ್ಷಣಾ ವಿಮಾನವನ್ನು ಹಡಗಿನವರ ಕಣ್ಣಿಗೆ ಬೀಳುವಂತೆ ಹಾರಿಸುತ್ತಿದ್ದರು. ‘ಓ, ವಿಮಾನ ನಮ್ಮನ್ನು ನೋಡಿಬಿಟ್ಟಿತು’ ಅಂತ ಅವರು ಅಂದುಕೊಳ್ಳಲಿ ಅನ್ನುವುದೇ ಉದ್ದೇಶ. ಸಂಕೇತ ಒಡೆದಿರಬಹುದು ಎಂಬ ಅನುಮಾನ ಅವರಿಗೆ ಬರಬಾರದಿತ್ತು.

ಅಮೆರಿಕದವರು ಇನ್ನೂ ದೊಡ್ಡ ಜೂಜಾಡಿದರು. ಜಪಾನಿನ ಸಂಯುಕ್ತ ನೌಕಾಪಡೆಯ (ಕಂಬೈನ್ಡ್ ಫ್ಲೀಟ್) ದಂಡನಾಯಕ ಯಮಾಮೊಟೊ ಅವರ ಪ್ರವಾಸದ ವೇಳಾಪಟ್ಟಿ ಒಡೆದ ಸಂದೇಶದಲ್ಲಿ ಸಿಕ್ಕಿತು. 1943ರ ಏಪ್ರಿಲ್ 18ರಂದು ಪಿ-38 ವಿಮಾನಗಳು ಕಾದಿದ್ದು, ಬೂಗನ್‌ವಿಲ್ ದ್ವೀಪದ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಿದವು. ಕರಾವಳಿ ಕಾಯುವವರು ಕಂಡು ಸುದ್ದಿ ಕೊಟ್ಟರು ಅಂತ ಕಥೆ ಕಟ್ಟಿ ಹಬ್ಬಿಸಿದರು. ಗುಟ್ಟಿಗೆ ಅಪಾಯ ಬರಬಹುದು ಅಂತ ಗೊತ್ತಿದ್ದೂ ಬಳಸಿದ ನಿರ್ಧಾರ ಇದು, ಕಡತಗಳಲ್ಲಿ ದಾಖಲಾಗಿರುವಂಥದ್ದು. ಚರ್ಚೆ ಮಾಡಬೇಕಿದ್ದರೆ ಇದರ ಬಗ್ಗೆ ಮಾಡಿ. ಮುಂದಿನ ಸಲ ಇದರ ಮೇಲೆ ಪ್ರಶ್ನೆ ಬಂದರೆ ಖಂಡಿತ ವಿವರವಾಗಿ ಬರೆಯುತ್ತೇನೆ.