ಅಣ್ಣನ ಲ್ಯಾಪ್‌ಟಾಪಿನಲ್ಲಿ ಓಡುವ ವರ್ಚುವಲ್ ಮಷೀನ್ ನನ್ನ ಮ್ಯಾಕ್‌ನಲ್ಲಿ ಯಾಕೆ ಓಡಲ್ಲ?

ಪ್ರಶ್ನೆ: ಲ್ಯಾಬಿಗೆಂದು ಕಾಲೇಜಿನಲ್ಲಿ ವರ್ಚುವಲ್‌ಬಾಕ್ಸ್ (ವರ್ಚುವಲ್ ಮಷೀನ್ ಓಡಿಸುವ ಆ್ಯಪ್) ನ ಓವಿಎ ಫೈಲ್, ಅಂದರೆ ಇಡೀ ವರ್ಚುವಲ್ ಮಷೀನನ್ನು ಕಟ್ಟಿಟ್ಟ ಫೈಲ್ ಕೊಟ್ಟಿದ್ದಾರೆ, ಒಳಗೆ ಉಬುಂಟು ಲಿನಕ್ಸ್ ಇದೆ. ಅಣ್ಣನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ನನ್ನ ಎಂ2 ಮ್ಯಾಕ್‌ಬುಕ್ ಏರ್‌ನಲ್ಲಿ ಸ್ಟಾರ್ಟೇ ಆಗಲ್ಲ. ಏನು ಮಾಡಲಿ?

ಉತ್ತರ: ಸುಮ್ನೆ ಮತ್ತೆ ಮತ್ತೆ ಕಾಪಿ ಮಾಡಬೇಡಿ, ಫೈಲ್ ಕೆಟ್ಟಿಲ್ಲ. ಅದರೊಳಗಿನ ಉಬುಂಟು ಎಕ್ಸ್86 ಪ್ರೊಸೆಸರಿನದು, ಅಂದರೆ ಇಂಟೆಲ್, ಎಎಂಡಿ ಚಿಪ್‌ಗಳಿಗಾಗಿ ಮಾಡಿದ್ದು. ನಿಮ್ಮ ಎಂ2 ಬೇರೆ ಜಾತಿಯ ಪ್ರೊಸೆಸರ್, ಆರ್ಮ್.

ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನೊಳಗೆ ಪೂರ್ತಿ ಇನ್ನೊಂದು ಕಂಪ್ಯೂಟರ್ ಅಂದುಕೊಳ್ಳುತ್ತೇವೆ, ಅಲ್ವಾ? ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ವೇಷವೇ. ಪ್ರೊಸೆಸರ್ ಮಾತ್ರ ನಿಮ್ಮದೇ. ಒಳಗಿನ ಲಿನಕ್ಸ್ ಹೇಳುವ ಹೆಚ್ಚಿನ ಕೆಲಸವನ್ನು ಅದು ನೇರವಾಗಿ ಮಾಡುತ್ತದೆ. ಅಷ್ಟು ವೇಗ ಬರುವುದೇ ಅದರಿಂದ. ಆದರೆ ಎಕ್ಸ್86 ಭಾಷೆ ಆರ್ಮ್‌ಗೆ ಬರುವುದಿಲ್ಲ.

ನಡುವೆ ಒಬ್ಬ ದುಭಾಷಿಯನ್ನು ಕೂರಿಸಬಹುದು. ಅದೇ ಎಮ್ಯುಲೇಷನ್. ಯುಟಿಎಂ ಎಂಬ ಉಚಿತ ಆ್ಯಪ್‌ನಲ್ಲಿ 'ಎಮ್ಯುಲೇಟ್' ಆರಿಸಿದರೆ ಎಕ್ಸ್86 ಉಬುಂಟು ಕೂಡ ಏಳುತ್ತದೆ. ನಾನೂ ಮಾಡಿ ನೋಡಿದೆ. ಫೈರ್‌ಫಾಕ್ಸ್ ಒತ್ತಿದೆ, ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಎಷ್ಟೋ ಹೊತ್ತಿನ ಮೇಲೆ ಒಂದರ ಹಿಂದೆ ಒಂದು ಎರಡು ವಿಂಡೋ ತೆರೆದುಕೊಂಡವು. ದಿನದ ಕೆಲಸಕ್ಕೆ ಇದು ಆಗಲ್ಲ.

ಹಾಗಾಗಿ ಅದೇ ಯುಟಿಎಂನಲ್ಲಿ 'ವರ್ಚುವಲೈಸ್' ಆರಿಸಿ, ಆರ್ಮ್ ಉಬುಂಟುವನ್ನೇ ಹೊಸದಾಗಿ ಹಾಕಿಕೊಳ್ಳಿ. ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಐಎಸ್‌ಒ ಫೈಲಿನ ಹೆಸರಲ್ಲಿ 'ಆರ್ಮ್64' ಇರಬೇಕು. 'ಎಎಂಡಿ64' ಅಂತ ಇದ್ದರೆ ಅದು ಇಂಟೆಲ್ ಲ್ಯಾಪ್‌ಟಾಪುಗಳದ್ದು. ಎಕ್ಸ್86 ಅನ್ನು 64 ಬಿಟ್‌ಗೆ ಬೆಳೆಸಿದ್ದು ಎಎಂಡಿ ಕಂಪನಿ, ಆ ಹೆಸರೇ ಉಳಿದುಬಿಟ್ಟಿದೆ. ಇಂಗ್ಲಿಷಿನಲ್ಲಿ ಎರಡೂ ನೋಡಲು ಒಂದೇ ಥರ, ಅವಸರದಲ್ಲಿ ಕಣ್ಣು ತಪ್ಪುತ್ತದೆ. ತಪ್ಪಿದ್ದು ಹಾಕಿದರೆ ಕಪ್ಪು ಪರದೆಯ ಮೇಲೆ 'ಶೆಲ್' ಅಂತ ಬಂದು ಅಲ್ಲೇ ನಿಲ್ಲುತ್ತದೆ.

ವರ್ಚುವಲ್‌ಬಾಕ್ಸೇ ಬೇಕಾದರೆ 2024ರ 7.1 ಆವೃತ್ತಿಯಿಂದ ಎಂ ಸರಣಿಯ ಮ್ಯಾಕ್‌ಗಳಲ್ಲೂ ಓಡುತ್ತದೆ. ಆದರೆ ಒಳಗೆ ಹಾಕುವುದೂ ಆರ್ಮ್ ಆಗಿರಬೇಕು. ಆರ್ಮ್ ಚಿಪ್ಪಿನ ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನ್ ಓಡಿಸುವ ವಿಂಡೋಸ್‌ನ ಹೈಪರ್-ವಿ ಕಥೆಯೂ ಇದೇ. ವಿಂಡೋಸ್ ಬೇಕೆಂದರೆ ವಿಂಡೋಸ್ 11ರ ಆರ್ಮ್ ಆವೃತ್ತಿ ಹಾಕಿ. ಸಾಮಾನ್ಯ ಎಕ್ಸ್86 ಪ್ರೋಗ್ರಾಮುಗಳನ್ನು ಅದು ತಾನೇ ಅನುವಾದ ಮಾಡಿಕೊಂಡು ಓಡಿಸುತ್ತದೆ.

ಲ್ಯಾಬಿನ ಓವಿಎಯಲ್ಲಿ ಏನೇನು ಹಾಕಿದ್ದಾರೆ ಅಂತ ಮೇಷ್ಟ್ರನ್ನು ಕೇಳಿ. ಜಿಸಿಸಿ, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲ ಆರ್ಮ್‌ನಲ್ಲೂ ಸಿಗುತ್ತವೆ. ಎಕ್ಸ್86 ಅಸೆಂಬ್ಲಿ (ನೇರ ಪ್ರೊಸೆಸರಿನ ಭಾಷೆಯಲ್ಲೇ ಬರೆಯುವ ಕೋಡ್) ಲ್ಯಾಬ್ ಇದ್ದರೆ ಆ ದಿನ ಮಾತ್ರ ಅಣ್ಣನ ಲ್ಯಾಪ್‌ಟಾಪ್ ಕೇಳಿ ತೊಗೊಂಡು ಹೋಗಿ.