ಪಹಣಿಯ ಕಾಲಂ 12: ಸಬ್ಸಿಡಿ ಗೇಣಿ ರೈತನವರೆಗೆ ಏಕೆ ತಲುಪುತ್ತಿಲ್ಲ?

ಬೆಳೆ ಪರಿಹಾರ ಜಮೆಯಾದಾಗಲೆಲ್ಲ ಹಳ್ಳಿಗಳಲ್ಲಿ ಅದೇ ತಕರಾರು ಏಳುತ್ತದೆ. ಸಾಲ ಮಾಡಿ ಬಿತ್ತಿದವನು ಒಬ್ಬ, ದುಡ್ಡು ಬಂದಿದ್ದು ಊರು ಬಿಟ್ಟು ಹೋದ ಜಮೀನ್ದಾರನ ಬ್ಯಾಂಕ್ ಖಾತೆಗೆ. ಇದು ಯಾವುದೋ ಒಂದು ಯೋಜನೆಯ ಲೋಪ ಅಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಇದರ ಬೇರು 50 ವರ್ಷ ಹಿಂದಕ್ಕೆ ಹೋಗುತ್ತದೆ.

ಹಸಿರು ಕ್ರಾಂತಿಯ ಕಾಲದಿಂದಲೂ ಸರ್ಕಾರದ ನೆರವು ಹೆಚ್ಚಾಗಿ ವಸ್ತುವಿನ ಬೆಲೆಯಲ್ಲೇ ಸೇರಿಕೊಂಡು ಬರುತ್ತಿತ್ತು: ಅಗ್ಗದ ಯೂರಿಯಾ, ಕಾಲುವೆ ನೀರು, ಪಂಪ್‌ಸೆಟ್‌ಗೆ ಕರೆಂಟು. ಕೊಳವೆಬಾವಿ ಕೊರೆಸುವ ಶಕ್ತಿ ಇದ್ದವರಿಗೆ ಇದರಲ್ಲಿ ದೊಡ್ಡ ಪಾಲು ಸಿಕ್ಕಿತು, ಮಳೆ ನಂಬಿದ ಹೊಲಗಳಿಗೆ ಕಡಿಮೆ. ಆದರೂ ಗೊಬ್ಬರದ ಅಂಗಡಿಯಲ್ಲಿ ಯಾರೂ ಪಹಣಿ, ಅಂದರೆ ಜಮೀನಿನ ಒಡೆತನ-ಸಾಗುವಳಿಯ ದಾಖಲೆ, ಕೇಳುತ್ತಿರಲಿಲ್ಲ.

ಪಹಣಿಗೆ ಈ ಮಹತ್ವ ಬಂದ ಬಗೆ ತಿಳಿಯಬೇಕಾದರೆ 1974ಕ್ಕೆ ಹೋಗಬೇಕು. ದೇವರಾಜ ಅರಸು ಅವರ ಕಾಲದಲ್ಲಿ 1961ರ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅಲ್ಲಿ ಅವರ ಕೈಹಿಡಿದ ಮುಖ್ಯ ಪುರಾವೆಗಳಲ್ಲಿ ಒಂದು, ಪಹಣಿಯ 12ನೇ ಕಾಲಂನಲ್ಲಿದ್ದ ಸಾಗುವಳಿದಾರನ ಹೆಸರು. ಕರಾವಳಿ, ಮಲೆನಾಡಿನ ಅದೆಷ್ಟೋ ಕುಟುಂಬಗಳು ಆ ಒಂದು ಸಾಲಿನಿಂದ ಭೂಮಿ ಪಡೆದವು. ನಾಡು ಕಂಡ ಅತ್ಯಂತ ದೊಡ್ಡ ನ್ಯಾಯಗಳಲ್ಲಿ ಅದೂ ಒಂದು.

ಅದೇ ಕಾಯ್ದೆ ಮುಂದೆ ಗೇಣಿಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಆದರೆ ಗೇಣಿ ನಿಲ್ಲಲಿಲ್ಲ. ಕೋರು, ಲಾವಣಿ, ಪಾಲು ಎಂಬ ಹೆಸರುಗಳಲ್ಲಿ ಬಾಯಿಮಾತಿನ ಮೇಲೆ ನಡೆದುಕೊಂಡೇ ಬಂತು. 12ನೇ ಕಾಲಂನಲ್ಲಿ ಇನ್ನೊಬ್ಬರ ಹೆಸರು ಬಿದ್ದರೆ ಭೂಮಿ ಕೈತಪ್ಪೀತು ಎಂಬ ಭಯ ಮಾಲೀಕರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಒಂದು ಕಾಲಕ್ಕೆ ಉಳುವವನನ್ನು ಕಾಪಾಡಿದ ಕಾಲಂನಿಂದಲೇ ಅವನ ಹೆಸರು ಮರೆಯಾಯಿತು.

2000ದ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರ್ ಸೇರಿದವು. ನಂತರ ರೈತರ ನೋಂದಣಿಗೆ ಫ್ರೂಟ್ಸ್ ತಂತ್ರಾಂಶ ಬಂದು, ಪಹಣಿಯಲ್ಲಿ ಹೆಸರಿದ್ದ ರೈತನಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಕೊಟ್ಟಿತು. 2019ರಲ್ಲಿ ಬಂದ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಭೂಮಿ ಹೊಂದಿದ ಕುಟುಂಬಕ್ಕೆ ಎಂದೇ ನಿಗದಿಯಾಯಿತು. ಮೊದಲಿದ್ದ 2 ಹೆಕ್ಟೇರ್ ಮಿತಿಯನ್ನು ಅದೇ ವರ್ಷ ತೆಗೆದು, ಆದಾಯ ತೆರಿಗೆ ಕಟ್ಟುವವರಂಥ ಕೆಲವರನ್ನು ಬಿಟ್ಟು ಉಳಿದ ದೊಡ್ಡ ಹಿಡುವಳಿದಾರರನ್ನೂ ಸೇರಿಸಿದರು. ಗೇಣಿ ರೈತ ಹೊರಗೇ ಉಳಿದ. ಸತ್ತ ಮಾವನ ಹೆಸರಿನಲ್ಲೇ ಜಮೀನಿದ್ದು, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ ಅಲೆಯುವ ಹೆಣ್ಣುಮಕ್ಕಳ ಪಾಡೂ ಹೆಚ್ಚು ಬೇರೆಯಲ್ಲ.

ಮುಂಗಾರಿನ ಹೊತ್ತಿಗೆ ರಿಯಾಯಿತಿ ದರದ ಬಿತ್ತನೆ ಬೀಜ ಕೊಡುವ ರೈತ ಸಂಪರ್ಕ ಕೇಂದ್ರದ ಸಾಲಿನಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಜಮೀನು ಕೋರಿಗೆ ಮಾಡುವವನು ಮಾಲೀಕನ ಎಫ್‌ಐಡಿಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿರುತ್ತಾನೆ. ಮಾಲೀಕ ನಂಬರ್ ಕೊಡಲು ಒಪ್ಪದಿದ್ದರೆ ಖಾಸಗಿ ಅಂಗಡಿಯ ಪೂರ್ತಿ ಬೆಲೆಯೇ ಗತಿ. ಅವನು ಪರಿಶಿಷ್ಟ ಜಾತಿಯವನಾಗಿದ್ದರೂ ಹೆಚ್ಚುವರಿ ರಿಯಾಯಿತಿ ಸಿಗುವುದಿಲ್ಲ, ಯಾಕೆಂದರೆ ಪರದೆಯ ಮೇಲೆ ಬರುವುದು ಮಾಲೀಕನ ಜಾತಿ.

ಬೇರೆ ರಾಜ್ಯಗಳು ದಾರಿ ಹುಡುಕಿವೆ. ಒಡಿಶಾದ ಕಾಲಿಯಾ ಯೋಜನೆ ಪಾಲಿಗೆ ಉಳುವ ರೈತರನ್ನೂ ಸೇರಿಸಿಕೊಂಡಿತು. ಆಂಧ್ರ 2019ರಲ್ಲಿ ಒಡೆತನದ ಹಕ್ಕು ಮುಟ್ಟದ 11 ತಿಂಗಳ ಸಾಗುವಳಿ ಒಪ್ಪಂದಕ್ಕೆ ಕಾನೂನು ಮಾಡಿತು. ಮಾಲೀಕನ ಸಹಿ ಬೇಕಿದ್ದರಿಂದ ಅಲ್ಲೂ ಹಿಂಜರಿಕೆ ಕಂಡಿತು. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆಯಿತು. ಗೇಣಿ ನಿಷೇಧವನ್ನು ಹಾಗೇ ಉಳಿಸಿತು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರ್‌ವಾರು ಬೆಳೆಯ ಫೋಟೊ ಈಗಾಗಲೇ ಸೇರುತ್ತಿದೆ. ಒಡೆತನಕ್ಕೆ ಧಕ್ಕೆಯಿಲ್ಲ ಎಂಬ ಕಾನೂನಿನ ಖಾತರಿ ಕೊಟ್ಟರೆ, ಆ ಬೆಳೆ ಬೆಳೆದವರ ಹೆಸರನ್ನೂ ಅಲ್ಲೇ ದಾಖಲಿಸಬಹುದು.