ಕೊಡಗಿನ ಹಿತ್ತಲಲ್ಲಿ ಸಿಹಿಗುಂಬಳ: ಹೂವಿನಿಂದ ಹಿಂದಕ್ಕೆ ಎಣಿಸಿ

ಮೇ ತಿಂಗಳ ಮಳೆಗೆ ನೆಲ ನೆನೆದೊಡನೆ ಗೊಬ್ಬರಗುಂಡಿಯ ಪಕ್ಕ ನಾಲ್ಕು ಕುಂಬಳ ಬೀಜ ಚುಚ್ಚಿದರೆ ಬಳ್ಳಿಯೇನೋ ಸೊಗಸಾಗಿ ಬರುತ್ತದೆ. ಜುಲೈ ಹೊತ್ತಿಗೆ ಸೌದೆ ಕೊಟ್ಟಿಗೆಯ ಮಾಡು ಹತ್ತಿ ಕೂತಿರುತ್ತದೆ. ಕಾಯಿ ಮಾತ್ರ ಇಲ್ಲ. ಹೆಣ್ಣುಹೂ ಬಿಡುತ್ತದೆ, ಬುಡದ ಹೀಚು ನಿಂಬೆಯ ಗಾತ್ರಕ್ಕೂ ಬಾರದೆ ಹಳದಿಯಾಗಿ ಉದುರುತ್ತದೆ. ಗೊಬ್ಬರ ಸಾಲದೆಂದು ಇನ್ನೊಂದು ಬುಟ್ಟಿ ಸುರಿದರೆ ಎಲೆ ಇನ್ನಷ್ಟು ಅಗಲವಾಗುತ್ತದೆ, ಅಷ್ಟೇ.

ಎಡವಟ್ಟಾಗಿರುವುದು ತಾರೀಖಿನಲ್ಲಿ. ಬೀಜ ಹಾಕಿದ 45ರಿಂದ 55 ದಿನಕ್ಕೆ ಹೆಣ್ಣುಹೂ ಶುರುವಾಗುತ್ತದೆ. ಕೃತ್ತಿಕೆಯಲ್ಲಿ ಹಾಕಿದ ಬೀಜಕ್ಕೆ ಆರಿದ್ರೆ, ಪುನರ್ವಸು ಮಳೆಯಲ್ಲಿ ಹೂ. ಕುಂಬಳದ ಪರಾಗದ ಕಣ ಬಹಳ ದೊಡ್ಡದು, ಅಂಟಂಟು. ಗಾಳಿಗೆ ಹಾರುವುದಿಲ್ಲ, ಜೇನೇ ಹೊರಬೇಕು. ಸಾಲದ್ದಕ್ಕೆ ನೀರು ತಾಗಿದರೆ ಕಣ ನೀರು ಹೀರಿ ಉಬ್ಬಿ ಒಡೆದುಹೋಗುತ್ತದೆ. ಮಳೆ ಬಿಡದ ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್) ಜೇನು ಗೂಡು ಬಿಟ್ಟು ಹೊರಡುವುದೂ ಇಲ್ಲ. ಹೀಗಾಗಿ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಮೊದಲು ಹೂವಿನ ದಿನ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬೀಜ ಹಾಕುವುದೇ ಲೆಕ್ಕ.

ಆ ಲೆಕ್ಕದಲ್ಲಿ ಎರಡು ಹದ ಸಿಗುತ್ತವೆ. ಮೊದಲನೆಯದು ಫೆಬ್ರವರಿ ಎರಡನೇ ವಾರ. ಮಾರ್ಚ್ ಕೊನೆಗೆ ಹೂ, ಮಳೆಗಾಲ ಹಿಡಿಯುವ ಮುನ್ನ ಕಾಯಿ ಮನೆಯೊಳಗೆ. ಇದಕ್ಕೆ ನೀರಿನ ಅನುಕೂಲ ಬೇಕು: ಎಳೆ ಗಿಡಕ್ಕೆ ಎರಡು ದಿನಕ್ಕೊಮ್ಮೆ 3–4 ಲೀಟರ್, ಕಾಯಿ ದಪ್ಪವಾಗುವಾಗ 10 ಲೀಟರ್. ಕಾಫಿಯ ಹೂಮಳೆ ಬಿದ್ದರೆ ಒಂದು ವಾರ ಕೊಡ ಹೊರುವುದು ತಪ್ಪುತ್ತದೆ. ಎರಡನೆಯದು ಕೈಲ್‌ಪೊಳ್ದ್ ಹಬ್ಬದ ಆಸುಪಾಸು, ಅಂದರೆ ಸೆಪ್ಟೆಂಬರ್ ಮೊದಲ ಎರಡು ವಾರ. ಹೂವು ಅಕ್ಟೋಬರ್ ಕೊನೆಗೆ ಬೀಳುತ್ತದೆ. ಆಗಲೂ ಮಳೆ ಇರುತ್ತದಲ್ಲ ಎನ್ನಬಹುದು. ತುಲಾ ಮಾಸದ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುವಂಥದ್ದು. ಕುಂಬಳದ ಹೂ ನಸುಕಿಗೆ ಅರಳಿ ಹತ್ತು ಗಂಟೆಯೊಳಗೆ ಮುದುಡಿರುತ್ತದೆ. ಆದರೆ ಬಿತ್ತನೆ ಸೆಪ್ಟೆಂಬರ್ ದಾಟಿದರೆ ಡಿಸೆಂಬರಿನ ಚಳಿಗೆ ಬಳ್ಳಿ ಮುರುಟಿ, ಎಲೆಗೆ ಬೂದಿರೋಗ ಹತ್ತುತ್ತದೆ. ಕುಶಾಲನಗರ, ಹೆಬ್ಬಾಲೆ ಕಡೆ ಮಳೆ ಕಡಿಮೆ. ಅಲ್ಲಿ ಮೇ–ಜೂನಿನ ಬಿತ್ತನೆಯೂ ನಡೆಯುತ್ತದೆ.

ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸಿಲ್ವರ್ ಓಕ್ ಅಡಿಯಲ್ಲಿ ಹಾಕಿದ್ದು ಬರೀ ಬಳ್ಳಿಯಾದೀತು. ಕಾಫಿ ಒಣಗಿಸುವ ಕಣದ ಅಂಚು ಒಳ್ಳೆಯ ಜಾಗ: ಸುತ್ತ ನೆರಳಿಲ್ಲ, ಮಳೆ ನೀರು ಹರಿದುಹೋಗುವ ಇಳಿಜಾರೂ ಇರುತ್ತದೆ. ಒಂದೂವರೆ ಅಡಿ ಅಗಲ, ಒಂದಡಿ ಆಳದ ಗುಣಿ ತೆಗೆದು, ಗುಣಿಯಿಂದ ಗುಣಿಗೆ ಎಂಟು ಅಡಿ ಬಿಡಿ. ಮಳೆ ಹೆಚ್ಚು ಬೀಳುವ ಕೊಡಗಿನ ಮಣ್ಣು ಹುಳಿ, ಸುಣ್ಣದಂಶ ತೊಳೆದುಹೋಗಿರುತ್ತದೆ. ಕುಂಬಳಕ್ಕೆ ಮಣ್ಣಿನ ರಸಸಾರ (pH) 6ರಿಂದ 6.8 ಇದ್ದರೆ ಹಿತ. ತೋಟಕ್ಕೆ ತಂದ ಕೃಷಿ ಸುಣ್ಣದಲ್ಲೇ ಗುಣಿಗೆ 100 ಗ್ರಾಂ ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು 8–10 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಸುರಿದರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಹಾರಿಹೋಗುತ್ತದೆ, ಮೂಗಿಗೇ ತಿಳಿಯುತ್ತದೆ. ಕಾಫಿ ಪಲ್ಪಿನ ಸಿಪ್ಪೆ ಬಳಸುವುದಾದರೆ ಪೂರ್ತಿ ಕೊಳೆತು ಕಪ್ಪಾಗಿರಲಿ. ಹಸಿಯದು ಗುಣಿಯೊಳಗೇ ಕಾವು ಏರಿ ಬೇರು ಬೇಯಿಸಿಬಿಡುತ್ತದೆ. ಕೊನೆಗೆ ಗುಣಿ ತುಂಬಿ ಅರ್ಧ ಅಡಿ ದಿಬ್ಬವೇ ಆಗಲಿ. ತಗ್ಗಾದ ಪಾತಿಯಲ್ಲಿ ಸೆಪ್ಟೆಂಬರಿನ ನೀರು ನಿಂತರೆ ಸಸಿಯ ಕುತ್ತಿಗೆ ಕೊಳೆಯುತ್ತದೆ.

ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಆರೆಂಟು ಗಂಟೆ ನೆನೆಸಿದರೆ ಸಾಕು. ತೇಲಿದ ಬೀಜ ಎಸೆಯಬೇಕೆಂಬ ಮಾತನ್ನು ಕುಂಬಳದ ಮಟ್ಟಿಗೆ ನಂಬಬೇಡಿ. ಸಿಪ್ಪೆಯೊಳಗೆ ಗಾಳಿ ಇರುವುದರಿಂದ ಗಟ್ಟಿ ಬೀಜವೂ ತೇಲುತ್ತದೆ. ಬೆರಳಲ್ಲಿ ಒತ್ತಿ ನೋಡಿ, ಟೊಳ್ಳಾದದ್ದು ತಗ್ಗುತ್ತದೆ. ಗುಣಿಗೆ ನಾಲ್ಕು ಬೀಜ, ಆಳ ಒಂದಂಗುಲ, ಮತ್ತು ಬೀಜ ಚಪ್ಪಟೆಯಾಗಿ ಮಲಗಿರಲಿ.

ಮಲಗಿಸುವುದಕ್ಕೆ ಕಾರಣವಿದೆ. ಮಣ್ಣು ಕೆದಕಿ ನಾಲ್ಕನೇ ದಿನದ ಬೀಜವೊಂದನ್ನು ನೋಡಿ. ಚೂಪು ತುದಿಯಿಂದ ಬೇರು ಹೊರಬಂದು ಕೆಳಕ್ಕೆ ಬಾಗಿರುತ್ತದೆ. ಬೇರು–ಕಾಂಡ ಸೇರುವಲ್ಲಿ, ಬಾಗಿನ ಒಳಮೈಗೆ, ಅಕ್ಕಿಕಾಳಿನಷ್ಟು ಸಣ್ಣ ಹಿಮ್ಮಡಿಯೊಂದು ಎದ್ದಿರುತ್ತದೆ. ಆ ಹಿಮ್ಮಡಿ ಕೆಳಗಿನ ಸಿಪ್ಪೆಯನ್ನು ಒತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಕಾಂಡ ಕಮಾನಾಗಿ ಮೇಲೆದ್ದು ಬೀಜದೆಲೆಗಳನ್ನು ಎಳೆದುಕೊಳ್ಳುತ್ತದೆ. ಕಾಲಲ್ಲಿ ಬೂಟಿನ ಹಿಮ್ಮಡಿ ಮೆಟ್ಟಿ ಇನ್ನೊಂದು ಕಾಲು ಬಿಡಿಸಿಕೊಂಡ ಹಾಗೆ. ಇದನ್ನು 1880ರಲ್ಲೇ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ವಿವರಿಸಿದ್ದರು. ಹಿಮ್ಮಡಿ ಕೆಳಮೈಗೇ ಏಳಲು ಗುರುತ್ವ ಕಾರಣ ಎಂಬುದಕ್ಕೆ ಪುರಾವೆ ಬಾಹ್ಯಾಕಾಶದಲ್ಲಿ ಸಿಕ್ಕಿತು: 1998ರಲ್ಲಿ ಡಿಸ್ಕವರಿ ನೌಕೆಯಲ್ಲಿ ಮೊಳೆಸಿದ ಕುಂಬಳದ ನೆಂಟ ಸೌತೆಗೆ ಎರಡೂ ಬದಿ ಹಿಮ್ಮಡಿ ಎದ್ದಿತ್ತು. ಬೀಜವನ್ನು ನೆಟ್ಟಗೆ ಚುಚ್ಚಿದರೆ ಹಿಮ್ಮಡಿಗೆ ಸಿಪ್ಪೆ ಸಿಗದೆ, ಸಸಿ ಟೊಪ್ಪಿ ಹೊತ್ತುಕೊಂಡೇ ಮೇಲೆ ಬರುವ ಸಂಭವ ಹೆಚ್ಚು. ತೀರ ಮೇಲೆ ಹಾಕಿದರೂ ಹೀಗೇ. ಅಂಥ ಟೊಪ್ಪಿಗೆ ನೀರು ಹನಿಸಿ, ಮೆತ್ತಗಾದ ಮೇಲೆ ಬಿಡಿಸಿ. ಒಣಗಿರುವಾಗ ಎಳೆದರೆ ಎಲೆಯೇ ಕಿತ್ತುಬರುತ್ತದೆ.

ಆರೇಳು ದಿನಕ್ಕೆ ಮೊಳಕೆ. ಎರಡು ನಿಜವಾದ ಎಲೆ ಬಂದಾಗ ಗಟ್ಟಿಯಾದ ಎರಡು ಸಸಿ ಉಳಿಸಿ ಮಿಕ್ಕವನ್ನು ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ಜೋರಿದ್ದರೆ ಬಾಳೆಪಟ್ಟೆಯ ದೊನ್ನೆಯಲ್ಲಿ, ಸೂರಿನಡಿ ಮೊಳೆಸಿ, 12–15 ದಿನಕ್ಕೆ ದೊನ್ನೆ ಸಮೇತ ನೆಡಿ. ಈ ಹಂತದ ಶತ್ರು ಕೆಂಪು ದುಂಬಿ. ಬೀಜದೆಲೆಯನ್ನು ಒಂದೇ ದಿನದಲ್ಲಿ ಜಾಲರಿ ಮಾಡುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲು ಒಲೆಬೂದಿ ಉದುರಿಸಿ, ಮಂದವಾಗಿ ಕೂತ ದುಂಬಿಗಳನ್ನು ಆಗಲೇ ಕೈಯಲ್ಲಿ ಹಿಡಿಯಿರಿ. ಬಿಸಿಲೇರಿದರೆ ಹಾರುತ್ತವೆ.

ಬಳ್ಳಿ ಐದಡಿ ಆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಹೆಣ್ಣುಹೂ ಕವಲಲ್ಲೇ ಹೆಚ್ಚು. ಮೊದಲ ಹತ್ತು ದಿನ ಬರೀ ಗಂಡುಹೂ ಬಂದರೆ ಗಾಬರಿ ಬೇಡ, ಅದು ಕುಂಬಳದ ಕ್ರಮ. ಅವನ್ನು ಬಜ್ಜಿಗೆ ಕಿತ್ತುಕೊಳ್ಳಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆ ಜೇನಿನ ಗೂಡುಗಳನ್ನು ಬರಿದು ಮಾಡಿದ್ದನ್ನು ಕೊಡಗು ಕಂಡಿದೆ. ಜೇನನ್ನೇ ನೆಚ್ಚಿ ಕೂರುವುದಕ್ಕಿಂತ ಕೈಯಿಂದ ಪರಾಗ ಮುಟ್ಟಿಸುವುದು ಲೇಸು. ಹಿಂದಿನ ಸಂಜೆಯೇ ತುದಿ ಹಳದಿಯಾದ ಹೆಣ್ಣು ಮೊಗ್ಗು ಗುರುತಿಸಿ. ಬೆಳಿಗ್ಗೆ ಎಂಟರೊಳಗೆ ಗಂಡುಹೂ ಕಿತ್ತು, ದಳ ಹರಿದು, ನಡುವಿನ ಕಡ್ಡಿಯನ್ನು ಹೆಣ್ಣುಹೂವಿನ ಮಧ್ಯದ ಎಲ್ಲ ಹಾಲೆಗಳಿಗೂ ಸವರಿ. ಒಂದೇ ಬದಿಗೆ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ.

ಆಮೇಲೂ ಹೀಚು ಉದುರಿದರೆ ಕೊಯ್ದು ನೋಡಿ. ಒಳಗೆ ಶುದ್ಧವಾಗಿದ್ದರೆ ಪರಾಗ ತಾಗಿಲ್ಲ. ಹೊರಗೆ ಸೂಜಿ ಚುಚ್ಚಿದಂಥ ಗುರುತು, ಅದರಿಂದ ಅಂಟು, ಒಳಗೆ ಬಿಳಿ ಹುಳು ಕಂಡರೆ ಹಣ್ಣುನೊಣ. ಕಾಯಿ ಕಟ್ಟಿದ ಮೂರನೇ ದಿನವೇ ಕಾಗದದ ಚೀಲ ಕಟ್ಟಿ, ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಒಂದು ಕ್ಯೂಲೂರ್ ಬಲೆ ತೂಗುಹಾಕಿ, ಉದುರಿದ್ದನ್ನು ಒಂದೂವರೆ ಅಡಿ ಆಳ ಹೂಳಿ. ಗೊಬ್ಬರಗುಂಡಿಗೆ ಎಸೆದರೆ ನೊಣ ಸಾಕಿದ ಹಾಗೆ. ಚೆಟ್ಟಳ್ಳಿಯಲ್ಲಿ ಪ್ರಯೋಗ ಕೇಂದ್ರವಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ತಳಿ ಈ ನೊಣವನ್ನು ತಡೆದುಕೊಳ್ಳುತ್ತದೆ. ಕಾಯಿ ಒಂದು ಕಿಲೋದಷ್ಟು, ಸಣ್ಣ ಸಂಸಾರಕ್ಕೆ ಸರಿ. ಎರಡು–ಮೂರು ಕಿಲೋದ ಕಾಯಿ ಬೇಕಿದ್ದರೆ ಅರ್ಕಾ ಚಂದನ್.

ತೊಟ್ಟು ಬಿರುಕುಬಿಟ್ಟು ಒರಟಾಗಿ, ಉಗುರು ಒತ್ತಿದರೂ ಸಿಪ್ಪೆಗೆ ಇಳಿಯದಾದಾಗ ಕೊಯ್ಯಿರಿ. ಎರಡಂಗುಲ ತೊಟ್ಟು ಇರಲಿ, ಅದನ್ನೇ ಹಿಡಿದು ಎತ್ತಬೇಡಿ. ತೊಟ್ಟು ಕಳಚಿದಲ್ಲಿಂದಲೇ ಕೊಳೆ ಶುರು. ಒಲೆಯ ಮೇಲಣ ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಅಕ್ಕಿತರಿಯ ಉಂಡೆ ಕಡಂಬಿಟ್ಟಿನ ಜೊತೆಗಿನ ಕುಂಬಳ ಕರಿಗೆ ತಿಂಗಳುಗಟ್ಟಲೆ ಒದಗುತ್ತದೆ. ಬೀಜಕ್ಕೆಂದು ಕೈಯಿಂದ ಪರಾಗ ಮುಟ್ಟಿಸಿದ ಕಾಯಿಯನ್ನೇ ಮೀಸಲಿಡಿ. ಪಕ್ಕದಲ್ಲಿ ಬೂದುಗುಂಬಳ ಇದ್ದರೂ ಚಿಂತೆಯಿಲ್ಲ, ಅದರ ಕುಲವೇ ಬೇರೆ, ಬೆರಕೆಯಾಗದು. ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಬಗ್ಗಿಸಿದರೆ ಪಟ್ಟನೆ ಮುರಿಯುವಂತಾದ ಬೀಜವನ್ನು ಗಾಜಿನ ಬಾಟಲಿಯಲ್ಲಿ ಬೂದಿ ಬೆರೆಸಿ ಇಟ್ಟರೆ ಮೂರು ವರ್ಷ ಮೊಳೆಯುತ್ತದೆ. ಬಾಟಲಿಯ ಮೇಲೆ ವರ್ಷ ಬರೆದಿಡಿ.